ಗದ್ದದ ಕೆಳಗಿನ ಮಚ್ಚೆ

ಧೂಳಪ್ಪ ಎಂಬುದು ಅವನ ಹೆಸರಲ್ಲ. ಅಪ್ಪ ಇಟ್ಟ ಒಳ್ಳೆಯ ಹೆಸರೊಂದು ಇತ್ತು. ಆದರೆ ಹಳೆಯ ಸಾಮಾನಿನ ಅಂಗಡಿ ತೆರೆದು ಕೂತ ಮೇಲೆ ತಲೆ, ಹುಬ್ಬು, ಕೋಟಿನ ಹೆಗಲು ಎಲ್ಲದರ ಮೇಲೂ ಸದಾ ಒಂದು ಪದರ ಧೂಳು ಇರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರೇ ನಿಂತುಹೋಯಿತು. ಅವನಿಗೂ ಅದರಲ್ಲಿ ಬೇಸರವಿರಲಿಲ್ಲ. "ಧೂಳು ಒರೆಸಿದ್ರೆ ಸಾಮಾನಿನ ವಯಸ್ಸು ಕಮ್ಮಿ ಆಗುತ್ತೆ, ಅದರ ಜೊತೆ ಬೆಲೆನೂ ಇಳಿಯುತ್ತೆ" ಎನ್ನುತ್ತಿದ್ದ. ಮದುವೆಯ ಮಾತು ಒಂದೆರಡು ಸಲ ಬಂದದ್ದುಂಟು. ಬಂದಾಗಲೆಲ್ಲ ಅವನ ತಲೆ ಯಾವುದೋ ಗಡಿಯಾರದ ಹೊಟ್ಟೆಯೊಳಗಿತ್ತು. ತಲೆ ಹೊರಗೆ ತೆಗೆಯುವಷ್ಟರಲ್ಲಿ ಹೆಣ್ಣಿನ ಕಡೆಯವರು ಎದ್ದು ಹೋಗಿರುತ್ತಿದ್ದರು.

ಅಂಗಡಿಯೆಂದರೆ ಉದ್ದನೆಯ ಒಂದೇ ಕೋಣೆ. ಮುಂದೆ ಗಾಜಿನ ಬಾಗಿಲು, ಹಿಂದೆ ಒಂದು ಕಿಟಕಿ, ನಡುವೆ ಹೊಟ್ಟೆ ಒಳಗೆಳೆದುಕೊಂಡು ನಡೆಯುವಷ್ಟು ದಾರಿ. ಕುಂಟು ಮೇಜುಗಳು, ಮಸುಕಾದ ಕನ್ನಡಿಗಳು, ಕೀಲಿ ಕಳೆದುಕೊಂಡ ಪೆಟ್ಟಿಗೆಗಳು, ಪೆಟ್ಟಿಗೆ ಕಳೆದುಕೊಂಡ ಕೀಲಿಗಳು. ಇವೆಲ್ಲದರ ಮೇಲೆ ಗೋಡೆ ತುಂಬ ಮುಖಗಳು. ಯಾರ ಯಾರದೋ ತಾತ, ಯಾರ ಯಾರದೋ ಮುತ್ತಜ್ಜಿ. ಮನೆ ಮಾರುವವರು, ಮನೆ ಒಡೆಯುವವರು, ಹೊಸ ಗೋಡೆಗೆ ಹಳೆಯ ಮುಖ ಹೊಂದುವುದಿಲ್ಲ ಎನ್ನುವವರು ತಂದು ಕೊಟ್ಟು ಹೋದವು. ಕೊಳ್ಳುವವರಲ್ಲೂ ಹೆಚ್ಚಿನವರು ಬರುತ್ತಿದ್ದದ್ದು ಚೌಕಟ್ಟಿನ ಆಸೆಗೆ. ಮೂಗಿಗಿಂತ ಮೂಗುತಿ ಭಾರ ಎಂಬಂತೆ ತಾತ ಒಂದು ಗೇಣು, ಅವನ ಸುತ್ತಿನ ಚೌಕಟ್ಟು ಒಂದು ಮೊಳ. ಧೂಳಪ್ಪ ಅವರೆಲ್ಲರನ್ನೂ ಎತ್ತರದಲ್ಲಿ, ಹಿಂದಿನ ಹುರಿ ಸ್ವಲ್ಪ ಸಡಿಲ ಬಿಟ್ಟು, ತಲೆಭಾಗ ಮುಂದಕ್ಕೆ ಬಾಗುವ ಹಾಗೆ ತೂಗುಹಾಕುತ್ತಿದ್ದ. ಹಳೆಯ ಕಾಲದವರು ಹಾಗೆಯೇ ತೂಗುಹಾಕುತ್ತಿದ್ದರು. ಏಕೆಂದು ಕೇಳಿದರೆ, "ದೊಡ್ಡೋರು ನಮ್ಮನ್ನ ನೋಡ್ಬೇಕು, ನಾವು ಅವರನ್ನಲ್ಲ" ಎನ್ನುತ್ತಿದ್ದ.

ಊರವರ ಅಜ್ಜ ಅಜ್ಜಿಯರನ್ನೆಲ್ಲ ಮಾರುವ ಈ ಮನುಷ್ಯನಿಗೆ ತನ್ನ ತಾಯಿಯ ಮುಖ ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಅವನು ತೊಟ್ಟಿಲಲ್ಲಿದ್ದಾಗಲೇ ಅವಳು ಹೋದಳು. ಬದುಕಿದ್ದಾಗ ಅವಳದೊಂದು ಚಿತ್ರ ಬರೆಸಬೇಕೆಂದಾಗಲಿ, ಫೋಟೋ ತೆಗೆಸಬೇಕೆಂದಾಗಲಿ ಯಾರಿಗೂ ತೋಚಿರಲಿಲ್ಲ. ನಾಳೆಯೂ ಇರುತ್ತಾಳಲ್ಲ ಎಂದುಕೊಂಡಿರಬೇಕು. ಆಮೇಲೆ ಅಪ್ಪನೂ ಹೋದ, ಚಿಕ್ಕಮ್ಮಂದಿರೂ ಹೋದರು. ಈಗ ಆ ಮುಖವನ್ನು ಕಣ್ಣಾರೆ ಕಂಡವರೆಂದು ಭೂಮಿಯ ಮೇಲೆ ಉಳಿದಿದ್ದವಳು ಒಬ್ಬಳೇ, ಅವನ ಅಕ್ಕ. ತಾಯಿ ತೀರಿದಾಗ ಅವಳು ಎರಡು ಜಡೆಯ ಹುಡುಗಿ. ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬೆಳೆದಳು, ಅವನನ್ನೂ ಬೆಳೆಸಿದಳು.

ಅಕ್ಕನ ಮನೆ ಅಂಗಡಿಯ ಹಿಂದಿನ ಬೀದಿಯಲ್ಲೇ ಇತ್ತು. ಗಂಡ ತೀರಿದ ಮೇಲೆ ದಿನಾ ಮಧ್ಯಾಹ್ನ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಅದರ ಸ್ಪ್ರಿಂಗು ಎಂದೋ ಕೂತುಹೋಗಿತ್ತು. ಗಿರಾಕಿಗಳು ಬೆಲೆ ಕೇಳಿದರೆ ಧೂಳಪ್ಪ "ಅದರಲ್ಲಿ ಜನ ಇದ್ದಾರೆ" ಎಂದು ಮಾತು ಮುಗಿಸುತ್ತಿದ್ದ. ಅಕ್ಕ ಅವನನ್ನು ಕರೆಯುತ್ತಿದ್ದದ್ದು "ಪಾಪು" ಎಂದೇ. ತಲೆ ಪೂರ್ತಿ ನರೆತ, ಮಂಡಿ ಕಟಕಟ ಎನ್ನುವ ಗಂಡಸನ್ನು ಗಿರಾಕಿಗಳ ಎದುರೇ "ಪಾಪೂ, ತಿಂದ್ಯಾ?" ಎಂದು ಕೇಳಿದಾಗ ಅವನ ಕಿವಿ ಕೆಂಪಾಗುತ್ತಿತ್ತು. ಬೇಡವೆಂದು ಎಷ್ಟು ಸಲ ಹೇಳಿದರೂ ಅವಳದು ಅದೇ ರಾಗ, ಅದೇ ಹಾಡು.

ಆ ಗೋಡೆಯಲ್ಲಿ ಮಾರಾಟವಾಗದ ಚಿತ್ರವೊಂದಿತ್ತು. ಕಂದು ಶಾಲು ಹೊದ್ದ ಹೆಂಗಸು. ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತು, ಒಂದು ಕೈ ಮೇಜಿನ ಅಂಚಿನ ಮೇಲಿಟ್ಟು, ಎದುರಿಗಿರುವವರ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದ್ದಳು. ಯಾರೋ, ಎಲ್ಲಿಯವಳೋ. ಯಾರಾದರೂ ಕೇಳಿದರೆ ಧೂಳಪ್ಪ ಕೇಳಿದವರ ಹುಬ್ಬು ಹಾರುವಂಥ ಬೆಲೆ ಹೇಳಿ ಸಾಗಹಾಕುತ್ತಿದ್ದ. ನಿಜ ಹೇಳಬೇಕೆಂದರೆ, ನಮ್ಮಮ್ಮ ಹೀಗೇ ಇದ್ದಿರಬಹುದು ಎಂದು ಯಾವಾಗಲೋ ಒಮ್ಮೆ ಅನಿಸಿಬಿಟ್ಟಿತ್ತು, ಅಷ್ಟೆ. ಅನಿಸಿದ್ದನ್ನು ಕಿತ್ತುಹಾಕಲು ಅವನ ಕೈಲಾಗಿರಲಿಲ್ಲ.

ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ಧೂಳಪ್ಪನ ಹಳೆಯ ಗೆಳೆಯನ ಮಗಳು. ಅವನನ್ನು ಚಿಕ್ಕಪ್ಪ ಎಂದೂ ಅಕ್ಕನನ್ನು ಅತ್ತೆ ಎಂದೂ ಕರೆಯುತ್ತಿದ್ದಳು. ಈಗಿನವರನ್ನು ಹಳೆಯ ಕಾಲದವರಂತೆ ಬರೆದುಕೊಡುವುದು ಅವಳ ಕಸುಬು. ಜನ ಫೋನಿನಲ್ಲಿ ತೆಗೆದ ಫೋಟೋ ತಂದು ಕೊಟ್ಟರೆ ಅವಳು ಕೆಳಗಿಳಿದು ಬಂದು ಧೂಳಪ್ಪನ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಈ ತಾತನ ಕಾಲರು, ಆ ಅಜ್ಜಿಯ ಬೆರಳು, ಮೂಲೆಯಲ್ಲಿರುವವನ ಹಿಂದಿನ ಪರದೆ, ಹೀಗೆ ಒಂದೊಂದನ್ನೇ ಕಣ್ಣಲ್ಲಿ ಎತ್ತಿಕೊಂಡು ಹೋಗಿ, ಕಂದು ಬಣ್ಣದ ತಳ ಹಾಕಿ, ಮುಖವನ್ನು ಪದರ ಪದರವಾಗಿ ಮೇಲೆಬ್ಬಿಸುತ್ತಿದ್ದಳು. ಬೆಳಕು ಯಾವಾಗಲೂ ಎಡಗಡೆಯ ಕಿಟಕಿಯಿಂದ. ಕೂತವರ ಕಣ್ಣು ಯಾವಾಗಲೂ ನೋಡುವವರ ಕಣ್ಣಿನ ಮಟ್ಟಕ್ಕೆ. ಅದೇ ಹಳೆಯ ಕಟ್ಟಳೆ.

ಒಂದು ದಿನ ಅವಳು ಬೇಕರಿಯವನ ಚಿತ್ರ ಮುಗಿಸಿ ಒಣಗಲೆಂದು ಅಂಗಡಿಯಲ್ಲಿ ತಂದಿಟ್ಟಳು. ಎತ್ತರದ ಕಾಲರು, ಎದೆಯ ಮೇಲೆ ಪದಕ, ಕೈಯಲ್ಲಿ ಕತ್ತಿಯ ಹಿಡಿ.

ಅಕ್ಕ ಕುರ್ಚಿಯಿಂದಲೇ ನೋಡಿ, "ಏನೇ ಇದು, ಬನ್ ಮಾಡೋನ ಕೈಗೆ ಕತ್ತಿ ಕೊಟ್ಟುಬಿಟ್ಟಿದ್ದೀಯ?" ಎಂದಳು.

"ಕತ್ತಿ ಅವರೇ ಕೇಳಿದ್ದು ಅತ್ತೆ. ಕುದುರೆನೂ ಕೇಳಿದ್ರು, ನಾನೇ ಜಾಗ ಇಲ್ಲ ಅಂದೆ."

ಧೂಳಪ್ಪ ನಗಲಿಲ್ಲ. ಬೇಕರಿಯವನನ್ನು ಸೇನಾಪತಿ ಮಾಡಬಹುದಾದರೆ, ನಮ್ಮಮ್ಮನನ್ನು ನಮ್ಮಮ್ಮನನ್ನಾಗಿ ಮಾಡಲು ಆಗುವುದಿಲ್ಲವೇ ಎಂಬ ಯೋಚನೆ ಅವನ ತಲೆಗೆ ಹೊಕ್ಕಿತ್ತು. ಅಕ್ಕನ ಹತ್ತಿರ ಮುಖ ಇದೆ. ಇವಳ ಹತ್ತಿರ ಕೈ ಇದೆ. ತನ್ನ ಹತ್ತಿರ ಗೋಡೆ ಇದೆ. ಇಷ್ಟು ವರ್ಷ ಈ ಮೂರನ್ನು ಒಂದೆಡೆ ಸೇರಿಸಿ ನೋಡದ ತನ್ನ ಬುದ್ಧಿಗೇ ಅವನು ಬೈದುಕೊಂಡ.

ಮರುದಿನವೇ ಶುರುವಾಯಿತು. ಅಕ್ಕ ಕುರ್ಚಿಯಲ್ಲಿ, ಚಿತ್ರಗಾರ್ತಿ ಎದುರಿಗೆ ಇದ್ದಿಲು ಹಿಡಿದು. ಧೂಳಪ್ಪ ಕೆಲಸವಿರುವವನಂತೆ ಅಲ್ಲೇ ಸುಳಿದಾಡುತ್ತ, ಬಿಗಿಮಾಡಿದ ಸ್ಕ್ರೂವನ್ನೇ ಮತ್ತೆ ಬಿಗಿಮಾಡುತ್ತಿದ್ದ.

"ಇವಳ ಹಾಗೇ ಕೂರ್ಸು" ಎಂದು ಕಂದು ಶಾಲಿನವಳನ್ನು ತೋರಿಸಿದ. "ಭಂಗಿ ಇದೇ ಇರ್ಲಿ. ಮುಖ ಮಾತ್ರ ಅಕ್ಕ ಹೇಳ್ತಾಳೆ."

"ಹಣೆ ಹೇಗಿತ್ತು ಅತ್ತೆ? ಅಗಲವೋ, ಚಿಕ್ಕದೋ?"

ಅಕ್ಕ ಕಣ್ಣು ಮುಚ್ಚಿದಳು. "ಹಣೆ ನೆನಪಿಗೆ ಬರ್ತಾ ಇಲ್ಲ ಕಣೆ. ಗದ್ದ ಚೆನ್ನಾಗಿ ಗೊತ್ತು. ಗದ್ದದಲ್ಲಿ ಒಂದು ಮಚ್ಚೆ ಇತ್ತು. ಸಾಸಿವೆ ಕಾಳಿನಷ್ಟು."

ಚಿತ್ರಗಾರ್ತಿ ಗದ್ದದ ಮೇಲೆ ಒಂದು ಚುಕ್ಕೆ ಇಟ್ಟಳು. "ಇಲ್ಲಿಯಾ?"

"ಕೆಳಗೆ."

"ಇಲ್ಲಿ?"

"ಇನ್ನೂ ಕೆಳಗೆ."

"ಇನ್ನೂ ಕೆಳಗೆ ಹೋದ್ರೆ ಕಾಣೋದೇ ಇಲ್ಲ ಅತ್ತೆ!"

"ನಂಗೆ ಕಾಣ್ತಿತ್ತಲ್ಲ!" ಎಂದು ಅಕ್ಕ ರೇಗಿದಳು. ಜಗಳ ಬೇಡವೆಂದು ಚಿತ್ರಗಾರ್ತಿ ಮಚ್ಚೆಯನ್ನು ಗದ್ದದ ತುದಿಯಲ್ಲಿ ಕೂರಿಸಿ ಮುಂದೆ ಹೋದಳು.

"ಎತ್ತರ ಇದ್ರಾ?"

"ತುಂಬ ಎತ್ತರ. ಬಾಗಿಲಷ್ಟು ಎತ್ತರ."

ಇಲ್ಲಿ ಧೂಳಪ್ಪ ಬಾಯಿ ಹಾಕಿದ. "ಅಪ್ಪ ಅವಳನ್ನ ಗುಬ್ಬಿ ಅಂತ ಕರೀತಿದ್ರಲ್ಲ ಅಕ್ಕ? ಅಷ್ಟು ಪುಟ್ಟವಳು ಅಂತ?"

"ಅಪ್ಪನಿಗೇನು ಗೊತ್ತು" ಎಂದಳು ಅಕ್ಕ. ಹೆಂಡತಿಯ ಎತ್ತರ ಗಂಡನಿಗೆ ಗೊತ್ತಿರುವುದಿಲ್ಲ ಎಂಬ ಈ ಮಾತಿಗೆ ಇಬ್ಬರೂ ಬಾಯಿ ಮುಚ್ಚಿ ನಕ್ಕರು. ಹೆತ್ತವಳ ಮೇಲಿನ ಪ್ರೀತಿ ಗುಬ್ಬಿಯನ್ನೂ ಬಾಗಿಲಷ್ಟು ಎತ್ತರ ಮಾಡುತ್ತದೆ ಎಂದುಕೊಂಡು ಸುಮ್ಮನಾದರು. ನಕ್ಕದ್ದು ತಪ್ಪಾಯಿತು, ಆದರೆ ಆಗ ಗೊತ್ತಾಗಲಿಲ್ಲ.

ಮೊದಲ ಚಿತ್ರ ಸಿದ್ಧವಾದಾಗ ಅಕ್ಕ ಅದನ್ನು ತುಂಬ ಹೊತ್ತು ನೋಡಿ, "ಚೆನ್ನಾಗಿ ಬರೆದಿದ್ದೀಯಮ್ಮ. ಯಾರಿವಳು?" ಎಂದು ಕೇಳಿದಳು. ಚಿತ್ರಗಾರ್ತಿ ಮೂಗು ತಿದ್ದಿದಳು. ಕಣ್ಣು ತಿದ್ದಿದಳು. ತುಟಿಯನ್ನು ಅಳಿಸಿ ಬರೆದಳು, ಬರೆದು ಅಳಿಸಿದಳು. ಪ್ರತಿ ಸಲವೂ ಅಕ್ಕ, "ಮೂಗು ಸರಿ. ಕಣ್ಣೂ ಹೆಚ್ಚುಕಮ್ಮಿ ಸರಿ. ಎಲ್ಲಾ ಸರಿ. ಆದ್ರೆ ಅಮ್ಮ ಅಲ್ಲ" ಎನ್ನುತ್ತಿದ್ದಳು. ಚಿತ್ರಗಾರ್ತಿಗೆ ಅಳುವೇ ಬರುವಂತಾಯಿತು. ಬೈದರೆ ತಡೆದುಕೊಳ್ಳಬಹುದು, ಎಲ್ಲಾ ಸರಿ ಎಂದು ಹೇಳಿ ಅಲ್ಲ ಎಂದರೆ ಏನು ಮಾಡುವುದು?

ಹೀಗೇ ನಡೆದಿರಲು ಒಂದು ಮಧ್ಯಾಹ್ನ ಅಕ್ಕ ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ. ಹೊಸದಾಗಿ ತಿದ್ದಿದ ಚಿತ್ರವನ್ನು ಚಿತ್ರಗಾರ್ತಿ ಎತ್ತಿ ಹಿಡಿದಾಗ ಮುಖ ಪಕ್ಕಕ್ಕೆ ತಿರುಗಿಸಿದಳು.

"ಬೇಡ. ಇನ್ನು ತೋರಿಸ್ಬೇಡಿ."

"ಯಾಕಕ್ಕ? ಏನಾಯ್ತು?"

"ನೀವು ಒಂದೊಂದು ಸಲ ತೋರಿಸಿದಾಗ್ಲೂ ಒಳಗಿರೋದು ಸ್ವಲ್ಪ ಅಳಿಸಿ ಹೋಗ್ತಿದೆ, ಪಾಪು. ನಿನ್ನೆ ಕಣ್ಣು ಮುಚ್ಚಿ ಅಮ್ಮನ್ನ ನೆನೆಸ್ಕೊಂಡೆ. ಬಂದೋಳು ಅಮ್ಮ ಅಲ್ಲ." ಅವಳು ಚಿತ್ರದ ಕಡೆ ಕೈ ಮಾಡಿದಳು. "ಇವಳು ಬಂದ್ಲು."

ಧೂಳಪ್ಪನಿಗೆ ಗಾದೆ ನೆನಪಾಯಿತು: ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಕ್ಕ ಒಂದು ಜೀವಮಾನವೆಲ್ಲ ಕಾಪಾಡಿಕೊಂಡು ಬಂದಿದ್ದ ಮುಖವನ್ನು ತನ್ನ ಆಸೆಬುರುಕತನ ಒರೆಸಿಹಾಕುತ್ತಿದೆ. ಅವಳಲ್ಲಿ ಅಳಿಸಿಹೋದರೆ ಇನ್ನೆಲ್ಲೂ ಇಲ್ಲ. ಅವನು ಚಿತ್ರವನ್ನು ತೆಗೆದುಕೊಂಡು ಗೋಡೆಗೆ ಮುಖಮಾಡಿ ಇಟ್ಟ. ಅಕ್ಕನಿಗೆ ಟೀ ಮಾಡಿಕೊಟ್ಟ. ಸಕ್ಕರೆ ಹಾಕುವುದನ್ನು ಮರೆತ, ಅಕ್ಕ ಅದನ್ನು ಹೇಳದೆ ಕುಡಿದಳು.

ಆಮೇಲೆ ಕೆಲವು ದಿನ ಯಾರೂ ಆ ಮಾತು ಎತ್ತಲಿಲ್ಲ. ಚಿತ್ರಗಾರ್ತಿ ಮೇಲೆ ಯಾರದೋ ನಾಯಿಗೆ ರಾಜಪೋಷಾಕು ತೊಡಿಸುತ್ತಿದ್ದಳು. ಅಕ್ಕ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದಳು. ಧೂಳಪ್ಪ ಮೇಜುಗಳ ಕಾಲು ಸರಿಮಾಡುತ್ತಿದ್ದ.

ಒಂದು ದಿನ ಅವನು ಒಂದು ಚಿಕ್ಕ ಮೇಜಿನ ಕಾಲಿಗೆ ಹಿತ್ತಾಳೆಯ ಗಾಲಿ ಕೂರಿಸುತ್ತ ನೆಲದ ಮೇಲೆ ಅಂಗಾತ ಮಲಗಿದ್ದ. ಸ್ಕ್ರೂ ಒಂದು ಕೈಜಾರಿ ಉರುಳಿಹೋಯಿತು. ಅದನ್ನು ತಡಕಾಡುತ್ತಿರುವಾಗ ತಲೆಯ ಹತ್ತಿರ ಚಪ್ಪಲಿಯ ಸದ್ದಾಯಿತು. ಅಕ್ಕ ಬಂದು ನಿಂತಿದ್ದಳು.

"ಪಾಪೂ, ಊಟ ಮಾಡಿದ್ಯಾ? ನೆಲದ ತಂಡಿ ಬೆನ್ನಿಗೆ ಹತ್ತುತ್ತೆ, ಏಳು."

ಅವನು ತಲೆ ಎತ್ತಿ ನೋಡಿದ. ನೋಡಿದವನು ಹಾಗೇ ಉಳಿದ. ಮೇಲಿದ್ದ ಮುಖ ಅವನು ದಿನಾ ನೋಡುವ ಮುದುಕಿಯದಲ್ಲ. ಗದ್ದ ದೊಡ್ಡದಾಗಿ ಮುಂದಿತ್ತು, ಅದರ ಹಿಂದೆ ಮೂಗಿನ ಹೊಳ್ಳೆಗಳು, ಕಣ್ಣುಗಳು ಅರ್ಧ ಮುಚ್ಚಿದಂತೆ ಕೆಳಗೆ ನೋಡುತ್ತಿದ್ದವು. ಹಣೆ ಕಾಣುತ್ತಲೇ ಇರಲಿಲ್ಲ. ತಲೆ ಚಾವಣಿ ಮುಟ್ಟುವ ಹಾಗಿತ್ತು. ಇದು ಅವನ ಬಾಲ್ಯದ ಅಕ್ಕ. ಬಿದ್ದಾಗ ಎತ್ತಲು ಬಂದವಳು, ಜ್ವರ ಬಂದಾಗ ಹಾಸಿಗೆಯ ಪಕ್ಕ ನಿಂತವಳು. ಈ ಮುಖ ತನಗೆ ಮರೆತೇಹೋಗಿತ್ತೆಂಬುದು ಕೂಡ ಅವನಿಗೆ ಆವರೆಗೆ ಗೊತ್ತಿರಲಿಲ್ಲ.

"ಅಕ್ಕ, ಅಲ್ಲಾಡ್ಬೇಡ."

"ಯಾಕೆ, ಹುಳ ಇದ್ಯಾ?" ಎಂದು ಅಕ್ಕ ಗಾಬರಿಯಾದಳು.

"ಹುಳ ಇಲ್ಲ, ಏನಿಲ್ಲ. ನಿನ್ನ ಗದ್ದದ ಅಡಿಯಲ್ಲಿ ಒಂದು ಗಾಯದ ಗುರುತಿದೆ."

"ಅದು ಚಿಕ್ಕಂದಿನದು. ಈಗ ಕಂಡ್ತಾ ನಿನಗೆ? ಇಷ್ಟು ವರ್ಷ ಎದುರಿಗೇ ಇದ್ದೀನಿ!"

ಗಾಲಿ, ಸ್ಕ್ರೂ ಎಲ್ಲ ಅಲ್ಲೇ ಬಿಟ್ಟು ಅವನು ಮಂಡಿ ಹಿಡಿದುಕೊಂಡು ಎದ್ದ. ಮೇಲಿನ ಕೋಣೆಯ ಮೆಟ್ಟಿಲನ್ನು ಆ ವಯಸ್ಸಿಗೆ ಹತ್ತಬಾರದ ರೀತಿಯಲ್ಲಿ ಹತ್ತಿದ.

"ಇನ್ನೂ ಕೆಳಗೆ, ಇನ್ನೂ ಕೆಳಗೆ ಅಂತಿದ್ಲಲ್ಲ ಅಕ್ಕ," ಎಂದು ಏದುಸಿರು ಬಿಡುತ್ತ ಹೇಳಿದ. "ಆ ಮಚ್ಚೆ ಗದ್ದದ ಮೇಲಿರ್ಲಿಲ್ಲ ಕಣಮ್ಮ. ಅಡಿಯಲ್ಲಿತ್ತು. ಎದುರಿಗೆ ನಿಂತೋರಿಗೆ ಯಾರಿಗೂ ಕಾಣದ ಜಾಗದಲ್ಲಿ. ಅವಳಿಗೆ ಕಾಣ್ತಿತ್ತು, ಯಾಕಂದ್ರೆ ಅವಳು ಅಮ್ಮನ ಸೊಂಟದ ಎತ್ತರ ಇದ್ಲು! ಹಣೆ ಯಾಕೆ ನೆನಪಿಲ್ಲ? ಬಾಗಿಲಷ್ಟು ಎತ್ತರ ಯಾಕೆ?"

ಚಿತ್ರಗಾರ್ತಿಯ ಕುಂಚ ನಾಯಿಯ ಕಿರೀಟದ ಮೇಲೆ ನಿಂತಿತು. ಅವಳಿಗೆ ಅರ್ಥವಾಯಿತು, ಅರ್ಥವಾದ ತಕ್ಷಣ ಹಣೆ ಚಚ್ಚಿಕೊಂಡಳು. "ನಾವು ಅತ್ತೆ ಕಂಡಿರೋ ಅಮ್ಮನ್ನ ತಂದು ನಿಮ್ಮ ಕಂದು ಶಾಲಿನವಳ ಕುರ್ಚಿಯಲ್ಲಿ ಕೂರ್ಸಿಬಿಟ್ವಿ."

"ನಾನೇ ಕೂರ್ಸು ಅಂದಿದ್ದು," ಎಂದ ಧೂಳಪ್ಪ. "ಈಗ ಕೆಳಗಿನಿಂದ ಬರಿ."

"ಹಾಗೆ ಯಾರೂ ಬರೆಯಲ್ಲ ಚಿಕ್ಕಪ್ಪ. ಇಷ್ಟು ಹಳೇ ಚಿತ್ರ ನೋಡಿದ್ದೀರ, ಒಂದರಲ್ಲಾದ್ರೂ ಮೂಗಿನ ಹೊಳ್ಳೆ ಕಾಣುತ್ತಾ? ದುಡ್ಡು ಕೊಟ್ಟು ಬರೆಸ್ಕೊಂಡೋರು ಒದ್ದು ಕಳಿಸ್ತಿದ್ರು."

"ದುಡ್ಡು ಕೊಟ್ಟೋರ ಕಣ್ಣಿಗೆ ತಕ್ಕ ಹಾಗೆ ಅವು. ಮಕ್ಕಳು ಯಾವತ್ತಾದ್ರೂ ಚಿತ್ರ ಬರೆಸಿದ್ದುಂಟಾ?"

ಚಿತ್ರಗಾರ್ತಿ ನಾಯಿಯನ್ನು ಪಕ್ಕಕ್ಕಿಟ್ಟಳು.

ಕೆಳಗಿನಿಂದ ಬರೆಯಬೇಕಾದರೆ ಯಾರಾದರೂ ಮೇಲೆ ನಿಲ್ಲಬೇಕಲ್ಲ. ಅಕ್ಕನನ್ನು ಕರೆಯುವ ಹಾಗಿರಲಿಲ್ಲ. ಹಾಗಾಗಿ ಅಕ್ಕ ಬರದ ಬೆಳಗಿನ ಹೊತ್ತಿನಲ್ಲಿ ಧೂಳಪ್ಪನೇ ಅಂಗಡಿಯ ಗಟ್ಟಿಮುಟ್ಟಾದ ಮೇಜೊಂದನ್ನು ಹತ್ತಿ, ತಲೆಗೆ ಒಂದು ಹಳೆಯ ಶಾಲು ಹೊದ್ದು, ಗದ್ದ ಒಳಗೆಳೆದು ಕೆಳಗೆ ನೋಡುತ್ತ ನಿಂತ. ತಾಯಿಯ ಗದ್ದ ಮಗನಿಗೆ ಬಂದಿರುತ್ತದೆ ಎಂಬುದು ಚಿತ್ರಗಾರ್ತಿಯ ಲೆಕ್ಕಾಚಾರ. ಅವಳು ನೆಲದ ಮೇಲೆ ಕೂತು ಬರೆಯತೊಡಗಿದಳು. "ಸ್ವಲ್ಪ ಪ್ರೀತಿಯಿಂದ ನೋಡಿ ಚಿಕ್ಕಪ್ಪ. ಬಾಕಿ ವಸೂಲಿಗೆ ಬಂದೋರ ಥರ ನೋಡ್ತಿದ್ದೀರ."

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಗಿರಾಕಿಯೊಬ್ಬ ಒಳಗೆ ಬಂದ. ಮೇಜಿನ ಮೇಲೆ ಶಾಲು ಹೊದ್ದು ನಿಂತ ನರೆಮೀಸೆಯ ಹೆಂಗಸನ್ನು ಮೇಲಿಂದ ಕೆಳಕ್ಕೆ ನೋಡಿದ.

"ಇದು... ಎಷ್ಟು?"

"ಮೇಜಾ, ನಾನಾ?" ಎಂದ ಧೂಳಪ್ಪ, ಗದ್ದ ಅಲ್ಲಾಡಿಸದೆ.

ಗಿರಾಕಿ ಬಂದ ದಾರಿಗೆ ಸುಂಕವಿಲ್ಲ ಎಂದು ಹಾಗೇ ಹಿಂದಕ್ಕೆ ಹೋದ. ಚಿತ್ರಗಾರ್ತಿ ನೆಲದ ಮೇಲೆ ಬಿದ್ದು ಬಿದ್ದು ನಕ್ಕಳು. ಆ ನಗುವನ್ನು ನೋಡುತ್ತ ಧೂಳಪ್ಪನ ಮುಖವೂ ಸಡಿಲವಾಯಿತು. ಅವಳು ಥಟ್ಟನೆ ನಗು ನಿಲ್ಲಿಸಿ, "ಹಾ, ಇದೇ, ಇದೇ ಇರ್ಲಿ" ಎಂದು ಇದ್ದಿಲು ಎತ್ತಿಕೊಂಡಳು.

ಬಣ್ಣವನ್ನು ಅವಳು ಹಳೆಯ ರೀತಿಯಲ್ಲೇ ಹಾಕಿದಳು. ಅದೇ ಕಂದು ತಳ, ಅದೇ ಪದರ, ಅದೇ ಎಡಗಡೆಯ ಬೆಳಕು. ಗೋಡೆಯ ಅಜ್ಜಿಯರಿಂದ ಕಲಿತದ್ದನ್ನು ಅವಳು ಬಿಡಲಿಲ್ಲ. ಬಿಟ್ಟದ್ದು ಅವರು ಕೂರುವ ಕುರ್ಚಿಯನ್ನು ಮಾತ್ರ. ಮುಖದ ಹಿಂದೆ ಪರದೆಯ ಬದಲು ಬಾಗಿಲ ಚೌಕಟ್ಟಿನ ಮೇಲಿನ ಪಟ್ಟಿಯನ್ನು ಬರೆದಳು. ಬಾಗಿಲಷ್ಟು ಎತ್ತರ ಎನ್ನಬೇಕಾದರೆ ಆ ಹುಡುಗಿ ತಾಯಿಯನ್ನು ಬಾಗಿಲಲ್ಲೇ ಹೆಚ್ಚಾಗಿ ಕಂಡಿರಬೇಕು. ಕೊನೆಗೆ ಗದ್ದದ ಅಡಿಯ ನೆರಳಿನಲ್ಲಿ, ಎಲ್ಲಿ ಕಾಣುವುದೇ ಇಲ್ಲವೆಂದು ಜಗಳವಾಗಿತ್ತೋ ಅಲ್ಲಿ, ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಇಟ್ಟಳು.

ಚಿತ್ರ ಒಣಗಿತು. ಒಣಗಿದ್ದನ್ನು ಧೂಳಪ್ಪ ಗೋಡೆಗೆ ಮುಖಮಾಡಿ ಇಟ್ಟ. ದಿನ ಕಳೆದರೂ ತಿರುಗಿಸಲಿಲ್ಲ. ಚಿತ್ರಗಾರ್ತಿ ಯಾವಾಗ ತೋರಿಸುತ್ತೀರಿ ಎಂದರೆ ಇವತ್ತು ಮೋಡ ಎನ್ನುತ್ತಿದ್ದ, ಮೋಡವಿಲ್ಲದ ದಿನ ಬಿಸಿಲು ಜಾಸ್ತಿ ಎನ್ನುತ್ತಿದ್ದ. ಹೆದರಿಕೆ ಅವನಿಗೆ. ಇದೂ ತಪ್ಪಾಗಿದ್ದರೆ? ಅಕ್ಕನೊಳಗೆ ಉಳಿದಿರುವ ಚೂರುಪಾರನ್ನೂ ಇದು ತಿಂದುಹಾಕಿದರೆ? ತನಗೆ ತಾಯಿಯ ಮುಖ ಸಿಗದಿದ್ದರೆ ಹೋಗಲಿ, ಇಷ್ಟು ದಿನ ಇಲ್ಲದೆಯೇ ಬದುಕಿದ್ದೇನೆ. ಅಕ್ಕನಿಗೆ ಇದ್ದದ್ದೂ ಹೋದರೆ ಆ ಪಾಪವನ್ನು ಎಲ್ಲಿ ಹೊರುವುದು?

ಕೊನೆಗೆ ಅವನು ಅಕ್ಕನನ್ನೇ ಕೇಳಿದ. ಬಚ್ಚಿಟ್ಟು ತೋರಿಸುವುದು ಮೋಸ ಅನಿಸಿತು.

"ಅಕ್ಕ, ಇನ್ನೊಂದು ಬರೆಸಿದ್ದೀನಿ. ತೋರಿಸ್ಬೇಡ ಅಂದಿದ್ದೆ ನೀನು. ಬೇಡ ಅಂದ್ರೆ ಸುತ್ತಿ ಒಳಗಿಡ್ತೀನಿ, ನಾನೂ ನೋಡಲ್ಲ."

ಅಕ್ಕ ಬೀದಿಯ ಕಡೆ ನೋಡುತ್ತಿದ್ದವಳು ತಿರುಗಲಿಲ್ಲ. ಹಾಗೇ ಹೇಳಿದಳು, "ನೋಡಿದ್ರೆ ಅಳಿಸಿಹೋಗುತ್ತೋ ಏನೋ ಅಂತ ನಿನಗೆ ಭಯ. ನೋಡದೇ ಇದ್ರೂ ಅದು ಹೋಗೋದೇ, ಪಾಪು. ನನ್ನ ಜೊತೆನೇ ಹೋಗುತ್ತೆ. ನಾಳೆ ತೋರ್ಸು."

ಅವಳು ಹೋದ ಮೇಲೆ ಧೂಳಪ್ಪ ಏಣಿ ಹಾಕಿ ಕಂದು ಶಾಲಿನವಳನ್ನು ಕೆಳಗಿಳಿಸಿದ. ಇಷ್ಟು ವರ್ಷ ಅಮ್ಮನ ಜಾಗದಲ್ಲಿ ಇದ್ದುಕೊಟ್ಟದ್ದಕ್ಕೆ ಅವಳ ಚೌಕಟ್ಟನ್ನು ಒಮ್ಮೆ ತನ್ನ ತೋಳಿನಿಂದ ಒರೆಸಿದ. ಅಂಗಡಿಯ ಇತಿಹಾಸದಲ್ಲಿ ಧೂಳಪ್ಪ ಒರೆಸಿದ ಮೊದಲ ಚೌಕಟ್ಟು ಅದು. ಆಮೇಲೆ ಅದೇ ಮೊಳೆಗೆ ಹೊಸ ಚಿತ್ರ ತೂಗುಹಾಕಿ, ಹುರಿಯನ್ನು ಸಡಿಲಿಸಿ, ತಲೆಭಾಗ ಮುಂದಕ್ಕೆ ಬಾಗುವ ಹಾಗೆ ಮಾಡಿದ. ಮೇಲೆ ಒಂದು ಬಟ್ಟೆ ಇಳಿಬಿಟ್ಟ.

ಮರುದಿನ ಮಧ್ಯಾಹ್ನ ಅಕ್ಕ ಬಂದಳು. ಚಿತ್ರಗಾರ್ತಿ ಮೆಟ್ಟಿಲ ಮೇಲೆ ಉಗುರು ಕಚ್ಚುತ್ತ ಕೂತಿದ್ದಳು. ಧೂಳಪ್ಪ ಕೋಲಿನ ತುದಿಯಿಂದ ಬಟ್ಟೆ ಸರಿಸಿದ.

ಅಕ್ಕ ನಿಂತೇ ನೋಡಿದಳು. ಅವಳ ಮುಖದಲ್ಲಿ ಏನೂ ತಿಳಿಯಲಿಲ್ಲ. ಗಡಿಯಾರಗಳು ತಮ್ಮ ಪಾಡಿಗೆ ಟಿಕಟಿಕ ಎನ್ನುತ್ತಿದ್ದವು.  ಸರಿ, ಮುಗಿಯಿತು, ಬಟ್ಟೆ ಮುಚ್ಚಿಬಿಡೋಣ ಎಂದು ಧೂಳಪ್ಪ ಕೋಲು ಎತ್ತಿದ.

"ಇರು," ಎಂದಳು ಅಕ್ಕ. "ಒಂದ್ನಿಮಿಷ ಇರು."

ಅವಳು ಕುರ್ಚಿಯ ಕೈ ಹಿಡಿದು ಬಗ್ಗಿದಳು. ಮೊದಲು ಕಾಲ್ಮಣೆಯ ಮೇಲೆ ಕೂತಳು. ಅದೂ ಸರಿಬರಲಿಲ್ಲವೇನೋ, ಅಲ್ಲಿಂದ ಮೆಲ್ಲನೆ ನೆಲಕ್ಕೆ ಜಾರಿದಳು. ಮಂಡಿ ನೋವಿನಿಂದ ಮುಖ ಕಿವುಚಿತು. ಸಹಾಯಕ್ಕೆ ಬಂದ ತಮ್ಮನನ್ನು ಕೈಯಲ್ಲೇ ತಡೆದಳು. ನೆಲದ ಮೇಲೆ ಸರಿಯಾಗಿ ಕೂತು, ಕತ್ತು ಎತ್ತಿ ನೋಡಿದಳು.

ಅವಳ ಕೈ ತಾನಾಗಿ ತಲೆಗೆ ಹೋಯಿತು. ಕಿವಿಯ ಪಕ್ಕ ಬಿಚ್ಚಿಕೊಂಡಿದ್ದ ನರೆಗೂದಲನ್ನು ಗಡಿಬಿಡಿಯಿಂದ ಹಿಂದಕ್ಕೆ ಸೇರಿಸಿ ಸರಿಮಾಡಿಕೊಂಡಳು, ತಾಯಿ ನೋಡಿ ಬೈಯುವ ಮೊದಲು ಹೆಣ್ಣುಮಕ್ಕಳು ಮಾಡಿಕೊಳ್ಳುವ ಹಾಗೆ. ಮೆಟ್ಟಿಲ ಮೇಲಿದ್ದ ಚಿತ್ರಗಾರ್ತಿ ಬಾಯಿಗೆ ಸೆರಗಿನಂತೆ ತೋಳನ್ನು ಅಡ್ಡ ಹಿಡಿದು ಅಳತೊಡಗಿದಳು.

"ಅಮ್ಮ," ಎಂದಳು ಅಕ್ಕ. ಯಾರಿಗೂ ಹೇಳಿದ್ದಲ್ಲ, ಕರೆದದ್ದು.

ಧೂಳಪ್ಪ ಕೋಲನ್ನು ಗೋಡೆಗೆ ಒರಗಿಸಿದ.  ಅಕ್ಕನ ಪಕ್ಕದಲ್ಲಿ ಅವನೂ ನೆಲದ ಮೇಲೆ ಕೂತು ಮೇಲೆ ನೋಡಿದ. ಬಾಗಿಲಲ್ಲಿ ಒಬ್ಬ ಎತ್ತರದ ಹೆಂಗಸು ನಿಂತಿದ್ದಳು. ಕೆಲಸದ ನಡುವೆ ಬಂದವಳ ಹಾಗೆ ಕೂದಲು ಸ್ವಲ್ಪ ಕೆದರಿತ್ತು. ಅರ್ಧ ಇಳಿದ ರೆಪ್ಪೆಯಡಿಯಿಂದ ಅವರಿಬ್ಬರನ್ನೂ ನೋಡುತ್ತಿದ್ದಳು. ತುಟಿ ಮಾತಿಗೆಂದು ತೆರೆದಂತಿತ್ತು. ಇಷ್ಟು ವರ್ಷ ಗೋಡೆಯ ಮೇಲಿನ ನೂರಾರು ಮುಖಗಳಲ್ಲಿ ಒಂದೂ ಅವನನ್ನು ಹೀಗೆ ನೋಡಿರಲಿಲ್ಲ. ಅವೆಲ್ಲ ಯಾರನ್ನೋ ನೋಡುತ್ತಿದ್ದವು. ಇವಳು ಅವನನ್ನೇ ನೋಡುತ್ತಿದ್ದಳು.

"ಏನೋ ಹೇಳ್ತಿರೋ ಹಾಗಿದೆ ಅಲ್ವಾ ಅಕ್ಕ," ಎಂದ. "ಹೀಗೆ ಬಾಗಿಲಲ್ಲಿ ನಿಂತು ನಿನ್ನನ್ನ ಏನು ಕೇಳ್ತಿದ್ಲು?"

"ಇನ್ನೇನು ಕೇಳ್ತಾಳೆ," ಎಂದಳು ಅಕ್ಕ. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. "ತೊಟ್ಟಿಲು ತೂಗೋ ಕೆಲಸ ನಂದು. ನಾನು ನೆಲದ ಮೇಲೆ ಕೂತು ಹಗ್ಗ ಎಳೀತಿದ್ದೆ. ಅವಳು ಕೈ ಒರೆಸ್ಕೊಳ್ತಾ ಬಾಗಿಲಿಗೆ ಬರೋಳು. ಬಂದು ಮೆಲ್ಲಗೆ ಕೇಳೋಳು, ಪಾಪು ಮಲಗ್ತಾ?"

ಧೂಳಪ್ಪ ಅಕ್ಕನ ಕಡೆ ತಿರುಗಿದ. ಆ ಹೆಸರು ಅಕ್ಕ ಇಟ್ಟದ್ದೆಂದೇ ಅವನು ಇಷ್ಟು ಕಾಲ ತಿಳಿದಿದ್ದ.

"ನಿನಗಿನ್ನೂ ಹೆಸರಿಟ್ಟಿರ್ಲಿಲ್ಲ," ಎಂದಳು ಅಕ್ಕ. "ಅವಳು ನಿನ್ನನ್ನ ಕರೆದಿದ್ದು ಅದೊಂದೇ. ಅದನ್ನ ಹೇಗೆ ಬಿಡ್ಲಿ ನಾನು? ನೀನು ಕಿವಿ ಕೆಂಪು ಮಾಡ್ಕೋತೀಯ ಅಂತ?"

 ಅಕ್ಕ ಅವನ ಧೂಳು ಹಿಡಿದ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಗೋಡೆಯ ಕಡೆ ಮುಖವೆತ್ತಿ, ಕೇಳಿದ ಪ್ರಶ್ನೆಗೆ ಉತ್ತರ ಹೇಳುವವಳ ಹಾಗೆ ಹೇಳಿದಳು.

"ಇಲ್ಲಮ್ಮ. ಇನ್ನೂ ಎದ್ದೇ ಇದ್ದಾನೆ. ಇಲ್ಲೇ ಇದ್ದಾನೆ ನೋಡು."

ಇಬ್ಬರೂ ಹಾಗೇ ತುಂಬ ಹೊತ್ತು ಕೂತಿದ್ದರು. ಆಮೇಲೆ ಏಳಲು ನೋಡಿದರೆ ಇಬ್ಬರ ಮಂಡಿಯೂ ಕೇಳಲಿಲ್ಲ. ಚಿತ್ರಗಾರ್ತಿ ಮೂಗು ಒರೆಸಿಕೊಳ್ಳುತ್ತ ಬಂದು ಒಬ್ಬೊಬ್ಬರನ್ನೇ ಕೈ ಹಿಡಿದು ಎಬ್ಬಿಸಿದಳು.